ಹಳೇ 407 ಟರ್ಬೊ: ಆವರೇಜ್ ಬಿದ್ದಾಗ ಪಂಪ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ನಮ್ಮದು 2008ರ ಮಾಡೆಲ್ ಟಾಟಾ 407 ಟರ್ಬೊ, ಸಣ್ಣ ಲಾರಿ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದು. 2956 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, ಅದಕ್ಕೆ ಡೀಸೆಲ್ ಅಳೆದು ಕೊಡುವ ಮೆಕ್ಯಾನಿಕಲ್ ಪಂಪು. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಾಕಲು ಜಾಗವೂ ಇಲ್ಲ. ಅರಸೀಕೆರೆ, ತಿಪಟೂರು ಕಡೆಯ ತೆಂಗಿನಕಾಯಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಬರುವಾಗ ಸಿಕ್ಕಿದ ಲೋಡು ಹೊತ್ತು ಗುಂಡ್ಯದಿಂದ ಮತ್ತೆ ಘಾಟಿ ಹತ್ತುತ್ತದೆ. ವರ್ಷಗಟ್ಟಲೆ ಇದೇ ಕೆಲಸ.

ಗಾಡಿ ಗುಣ ಚೆನ್ನಾಗಿದೆ. 407 ಬಂದಿದ್ದು 1986ರಲ್ಲಿ. ಅಂದಿನಿಂದ ಊರೂರಲ್ಲಿ ಓಡುತ್ತಿರುವುದರಿಂದ ಇದರ ಸಾಮಾನು ಸಿಗದ ಅಂಗಡಿ ಕಡಿಮೆ, ಇದನ್ನು ಬಿಚ್ಚಿ ಗೊತ್ತಿಲ್ಲದ ಮೆಕ್ಯಾನಿಕ್ ಇನ್ನೂ ಕಡಿಮೆ. ಸ್ಪ್ರಿಂಗ್ ಪಟ್ಟಿ, ಚಾಸಿಸ್ ಎರಡೂ ಗಟ್ಟಿ. ಕ್ಯಾಬಿನ್ ಮಾತ್ರ ಬೇಸಿಗೆಯಲ್ಲಿ ಕಾದು ಹೋಗುತ್ತದೆ, ಗೇರ್ ಲಿವರ್ ಅಲ್ಲಾಡುತ್ತದೆ, ಮಳೆಗಾಲದಲ್ಲಿ ಡೋರಿನ ರಬ್ಬರ್ ಹತ್ತಿರ ನೀರು. ಇವೆಲ್ಲ ಹಳೇ ಗಾಡಿಗೆ ಇದ್ದದ್ದೇ. ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ ವಿಷಯ.

ಲೀಟರಿಗೆ ಒಂಬತ್ತು ಕಿಲೋಮೀಟರ್ ಹತ್ತಿರ ಕೊಡುತ್ತಿದ್ದ ಗಾಡಿ ಮೆಲ್ಲಗೆ ಏಳಕ್ಕೆ, ಆಮೇಲೆ ಆರೂವರೆಗೆ ಬಂತು. ಮಾರನಹಳ್ಳಿ ದಾಟಿ ದೋಣಿಗಾಲ್ ಕಡೆ ಏರುವಾಗ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗಕ್ಕೆ ಎರಡನೇ ಗೇರ್ ಬೇಕಾಯಿತು. ಹಿಂದೆ ಕಪ್ಪು ಹೊಗೆ. ತೋರಿಸಿದ ಕಡೆಯೆಲ್ಲ ಒಂದೇ ಮಾತು: ಪಂಪ್ ಇಳಿಸಿ, ಓವರ್‌ಹಾಲ್ ಮಾಡಿಸಿ, ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಜಲ್ ನಾಲ್ಕೂ ಬದಲಿಸಿ. ಅದು ಸಾವಿರಗಳ ಕೆಲಸ. ಕೊನೆಗೆ ನೋಡಿದರೆ ಪಂಪ್ ಸರಿಯಾಗೇ ಇತ್ತು.

ಆವರೇಜ್ ಬೀಳುವುದು, ಎಳೆತ ಹೋಗುವುದು ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡರೆ ದಾರಿ ತಪ್ಪುತ್ತದೆ. ಎಂಜಿನ್‌ಗೆ ಡೀಸೆಲ್ ಸಾಲದೆ ಬಂದರೆ ಎಳೆತ ಹೋಗುತ್ತದೆ, ಆದರೆ ಹೊಗೆ ಇರುವುದಿಲ್ಲ, ಆವರೇಜ್ ಅಷ್ಟಾಗಿ ಕೆಡುವುದೂ ಇಲ್ಲ. ಗಾಳಿ ಸಾಲದೆ ಹೋದರೆ ಎಳೆತವೂ ಹೋಗುತ್ತದೆ, ಡೀಸೆಲ್ ಸುಡದೆ ಕಪ್ಪು ಹೊಗೆಯಾಗಿ ಹೊರಗೆ ಹೋಗುತ್ತದೆ. ಎಂಜಿನ್ ಚೆನ್ನಾಗಿದ್ದು ಚಕ್ರ ಹಿಡಿದುಕೊಂಡಿದ್ದರೆ ಹೊಗೆ ಜಾಸ್ತಿ ಇರಲ್ಲ, ಡೀಸೆಲ್ ಮಾತ್ರ ಕುಡಿಯುತ್ತದೆ. ಹಾಗಾಗಿ ಮೊದಲು ಹೊಗೆ ನೋಡಬೇಕು. ಕಪ್ಪಾದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸರಿಯಾದ ಹೊತ್ತಿಗೆ ಹೊತ್ತಿಕೊಳ್ಳುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಹೋಗುತ್ತಿದೆ.

ಲೆಕ್ಕವೂ ಸರಿ ಇರಬೇಕು. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್, ಒಂದೇ ಬಂಕು, ಸಾಧ್ಯವಾದರೆ ಒಂದೇ ಲೋಡು. ನೊರೆ ಇಳಿಯುವ ತನಕ ನಿಂತು ತುಂಬಿಸಬೇಕು. ಮೀಟರ್ ನಂಬುವ ಮೊದಲು ಹೈವೇ ಕಿಲೋಮೀಟರ್ ಕಲ್ಲಿಗೋ ಫೋನಿನ ಮ್ಯಾಪಿಗೋ ತಾಳೆ ನೋಡಿ. ಟೈರ್ ಸೈಜ್ ಬದಲಾಗಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಬಂಕಿನ ಮೇಲೆ ಅನುಮಾನ ಇದ್ದರೆ ಐದು ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಮ್ಮಿ ಮಾತ್ರ ನಡೆಯುತ್ತದೆ. ಕೇಳಿದರೆ ಹುಡುಗರು ಮುಖ ಸಿಂಡರಿಸುತ್ತಾರೆ, ಆದರೆ ಕೊಡಲೇಬೇಕು.

ಇನ್ನು ನಮ್ಮ ಗಾಡಿಯ ಕಥೆ. ಏರ್ ಫಿಲ್ಟರ್ ಕೊಳೆಯಾಗಿತ್ತು, ಬದಲಿಸಿದೆವು. ಹೊಗೆ ಒಂಚೂರು ಇಳಿಯಿತು, ಅಷ್ಟೇ. ಪೇಪರ್ ಫಿಲ್ಟರನ್ನು ಏರ್ ಹೊಡೆದು ಹೊಡೆದು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಪ್ರೆಶರ್ ಕಡಿಮೆ ಇಟ್ಟು ಹೊಡೆಯಬೇಕು. ಆಮೇಲೆ ಒಳಗೆ ಬಲ್ಬ್ ಹಿಡಿದು ತೂತು ಇದೆಯಾ ನೋಡಬೇಕು. ತೂತಿನಿಂದ ಹೋಗುವ ಧೂಳು ಟರ್ಬೊದ ರೆಕ್ಕೆ, ಸಿಲಿಂಡರಿನ ಲೈನರ್, ಪಿಸ್ಟನ್ ರಿಂಗು ಎಲ್ಲವನ್ನೂ ಸವೆಸುತ್ತದೆ.

ಆಮೇಲೆ ಆಕ್ಸಿಲರೇಟರ್. ಒಬ್ಬರು ಪೆಡಲ್ ಪೂರ್ತಿ ತುಳಿಯಬೇಕು, ಇನ್ನೊಬ್ಬರು ಪಂಪಿನ ಲಿವರ್ ಕೊನೆಯ ಸ್ಟಾಪರ್ ಮುಟ್ಟುತ್ತದಾ ನೋಡಬೇಕು. ಕೇಬಲ್ ಎಳೆದುಹೋಗಿದ್ದರೆ ಮುಟ್ಟಲ್ಲ. ಕಾಸಿಲ್ಲದ ಪರೀಕ್ಷೆ, ಯಾರೂ ಮಾಡಲ್ಲ. ನಮ್ಮದು ಮುಟ್ಟುತ್ತಿತ್ತು. ಡೀಸೆಲ್ ಫಿಲ್ಟರ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಜಾಲರಿ, ಟ್ಯಾಂಕಿನ ಪೈಪು ಕೂಡ ಹೀಗೇ ಬೇಗ ಮುಗಿಯುವ ಕೆಲಸ. ಡೀಸೆಲ್ ಪೈಪು ಏರ್ ತಗೊಳ್ಳುತ್ತಿದೆ ಅನಿಸಿದರೆ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಸ್ವಲ್ಪ ಹೊತ್ತು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ. ಎಷ್ಟೋ ಸಲ ತಾಮ್ರದ ವಾಷರ್ ಬದಲಿಸಿದರೆ ಸಾಕು.

ಸಿಕ್ಕಿದ್ದು ಟರ್ಬೊದಿಂದ ಎಂಜಿನ್ ಕಡೆ ಹೋಗುವ ರಬ್ಬರ್ ಹೋಸಿನಲ್ಲಿ. ಮೇಲಿನಿಂದ ನೋಡಿದರೆ ಹೊಸದರಂತೆ ಇತ್ತು. ಅಡಿಭಾಗದಲ್ಲಿ ಕ್ಲ್ಯಾಂಪಿನ ಪಕ್ಕ ಬೆರಳುದ್ದ ಸೀಳು, ಸುತ್ತ ಎಣ್ಣೆಮಸಿ. ನಿಂತಾಗ ಸೀಳು ಮುಚ್ಚಿಕೊಂಡೇ ಇರುತ್ತದೆ. ಲೋಡಿನಲ್ಲಿ ಟರ್ಬೊ ಗಾಳಿ ತುಂಬಿದಾಗ ಬಾಯಿ ಬಿಡುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ ರೇಸ್ ಮಾಡಿ ನೋಡಿದವರಿಗೆ ಗೊತ್ತಾಗಲಿಲ್ಲ. ಘಾಟಿ ಏರುವಾಗ ಕಿಟಕಿ ಇಳಿಸಿದರೆ ಸುಸ್ ಅನ್ನುವ ಸದ್ದು ಕೇಳುತ್ತದೆ. ಆಮೇಲೆ ಹೋಸನ್ನು ಕೈಯಿಂದ ಹಿಂಡಿ, ಬಗ್ಗಿಸಿ ನೋಡಬೇಕು. ಹೋಸ್ ಹಾಕಿದ ದಿನವೇ ಹೊಗೆ ನಿಂತಿತು, ಮೂರನೇ ಗೇರ್ ವಾಪಸ್ ಬಂತು. ಒಂದು ಮಾತು: ಟರ್ಬೊ ಗಾಳಿಯ ಒತ್ತಡ ನೋಡಿಕೊಂಡು ಡೀಸೆಲ್ ಕೊಡುವ ಡಯಾಫ್ರಾಂ ಇರುವ ಪಂಪಾದರೆ, ಹೋಸ್ ಸೀಳಿದರೂ ಹೊಗೆ ಅಷ್ಟು ಕಾಣದೇ ಇರಬಹುದು. ಎಳೆತ ಮಾತ್ರ ಹೋಗಿರುತ್ತದೆ.

ಆದರೆ ಆವರೇಜ್ ಏಳೂವರೆ ದಾಟಲಿಲ್ಲ. ಅಲ್ಲಿಗೆ ಎಂಜಿನ್ ಬಿಟ್ಟು ಕೆಳಗೆ ನೋಡಿದೆವು. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ, ಪ್ರತಿ ಡ್ರಮ್ಮಿನ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ನಮ್ಮದರಲ್ಲಿ ಎಡ ಹಿಂದಿನದು ಮಾತ್ರ ಒಲೆ ಥರ ಕಾದಿತ್ತು. ಜ್ಯಾಕ್ ಕೊಟ್ಟು ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಪಿಸ್ಟನ್ ವಾಪಸ್ ಹೋಗುತ್ತಿರಲಿಲ್ಲ. ಸಿಲಿಂಡರ್ ಕಿಟ್, ರಿಟರ್ನ್ ಸ್ಪ್ರಿಂಗ್, ಬೇರಿಂಗಿಗೆ ಹೊಸ ಗ್ರೀಸು. ಈ ಸಣ್ಣ ಕೆಲಸ ತಂದುಕೊಟ್ಟಷ್ಟು ಆವರೇಜನ್ನು ಹೋಸ್ ಕೂಡ ತಂದುಕೊಡಲಿಲ್ಲ.

ಇನ್ನೊಂದು, ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವು. ಹಿಂದಿನ ಓನರ್ ಕಾಲದಲ್ಲೇ ಯಾರೋ ಕಿತ್ತು ಬಿಸಾಕಿದ್ದರು. ನಮ್ಮ ಕಡೆ ಇದೊಂದು ಪದ್ಧತಿಯೇ ಆಗಿಬಿಟ್ಟಿದೆ, ಗಾಡಿ ಹೀಟ್ ಆಗಲ್ಲ ಅಂತ. ಎಂಜಿನ್ ತಣ್ಣಗೇ ಓಡಿದರೆ ಡೀಸೆಲ್ ಚೆನ್ನಾಗಿ ಸುಡುವುದಿಲ್ಲ, ಲೈನರ್ ಬೇಗ ಸವೆಯುತ್ತದೆ. ಟೆಂಪರೇಚರ್ ಮುಳ್ಳು ಲೋಡಿನಲ್ಲೂ ಕೆಳಗೇ ಮಲಗಿದ್ದರೆ ಅನುಮಾನ ಪಡಿ. ಸಕಲೇಶಪುರದ ಚಳಿಯಲ್ಲಿ ಇದರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಈಗ ಗಾಡಿ ಎಂಟೂವರೆಯಿಂದ ಒಂಬತ್ತರ ಮಧ್ಯೆ ನಿಂತಿದೆ. ಟಾರ್ಪಾಲ್ ಸಡಿಲ ಕಟ್ಟಿ ಪಟಪಟ ಹಾರಿಸಿಕೊಂಡು ಬಂದರೆ ಅದೂ ಇಲ್ಲ.

ಹಾಗಂತ ಪಂಪ್ ಕೆಡುವುದೇ ಇಲ್ಲ ಅಂತಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ 1951ರಲ್ಲಿ ಶುರುವಾಗಿದ್ದು, 2008ರಲ್ಲಿ ಬಾಷ್ ಆಯಿತು. ಹಳೇ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೈಕೋ ಪಂಪೇ. ಇಂಥ ಪಂಪು ಒಳ್ಳೆ ಫಿಲ್ಟರ್, ಒಳ್ಳೆ ಡೀಸೆಲ್ ಸಿಕ್ಕಿದರೆ ಲಕ್ಷಗಟ್ಟಲೆ ಕಿಲೋಮೀಟರ್ ಬಾಳುತ್ತದೆ. ಕೆಡಿಸುವುದು ಹೆಚ್ಚಾಗಿ ನಾವೇ. ಎಳೆತ ಇಲ್ಲ ಅಂತ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಸುತ್ತಾರೆ. ಗಾಳಿ ಸಾಲದ ಎಂಜಿನ್‌ಗೆ ಡೀಸೆಲ್ ಏರಿಸಿದರೆ ಹೊಗೆ ಏರುತ್ತದೆ, ಸೈಲೆನ್ಸರ್ ಕಾಯುತ್ತದೆ, ಪಿಸ್ಟನ್‌ಗೂ ಅಪಾಯ. ಗಾಳಿ, ಬ್ರೇಕು, ಕ್ಲಚ್ಚು, ಟ್ಯಾಪೆಟ್ (ವಾಲ್ವಿನ ಸಂದು) ಎಲ್ಲ ನೋಡಿದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ಮೊದಲು ನಾಜಲ್ ಇಳಿಸಿ ಟೆಸ್ಟ್ ಮಾಡಿಸಿ. ಮಂಜಿನ ಹಾಗೆ ಸಿಡಿಯಬೇಕು, ತೊಟ್ಟಿಕ್ಕಬಾರದು. ಆಮೇಲೆ ಪಂಪು, ಅದೂ ಬೆಂಚಿನ ಮೇಲೆ ಅಳತೆ ಇಟ್ಟು.

ಈಗ ಹಳೇ 407 ನೋಡಲು ಹೊರಟವರಿಗೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆ ಖರ್ಚು, ಓಡಾಟ ಮೊದಲೇ ಲೆಕ್ಕಕ್ಕೆ ಹಾಕಿ. ಹೊಗೆ ಪರೀಕ್ಷೆಯ ಚೀಟಿಯಲ್ಲಿ ಅಂಕಿ ನೋಡಿ. ಬಿಎಸ್4 ಅನ್ನುವ ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಅಂಕಿ). ಆದರೆ ಚೀಟಿ ನಂಬಿ ಕೂರಬೇಡಿ, ಎದುರಿಗೇ ಇನ್ನೊಮ್ಮೆ ಮಾಡಿಸಿ. ಎಂಜಿನ್ ಬಿಸಿ ಇರುವಾಗ ಆಯಿಲ್ ಕ್ಯಾಪ್ ತೆಗೆಸಿ. ಹೊಗೆ ಬುಸುಬುಸು ಬಂದರೆ ರಿಂಗು, ಲೈನರ್ ಕೆಲಸ ಹತ್ತಿರದಲ್ಲಿದೆ, ರೇಟಿನಲ್ಲಿ ಅಷ್ಟು ಇಳಿಸಿ ಮಾತಾಡಿ. ದಿನವಿಡೀ ಬೆಂಗಳೂರಿನ ಸಿಗ್ನಲ್ಲುಗಳಲ್ಲೇ ಓಡಿಸುವುದಾದರೆ ಇದಕ್ಕಿಂತ ಚಿಕ್ಕ ಗಾಡಿ ವಾಸಿ. ಊರು, ಘಾಟಿ, ಎರಡೂವರೆ ಟನ್ನಿನ ಲೋಡು ಅಂದರೆ ನಾನಂತೂ ಇದನ್ನೇ ತಗೊಳ್ಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಕೊಟ್ಟಿದ್ದು ಆ ಕ್ಯಾಬಿನ್ ಸೆಕೆಗೆ.