ಡೆಡ್ ವೆಯ್ಟ್ ಟೆಸ್ಟರಾ, ಡಿಜಿಟಲ್ ಕ್ಯಾಲಿಬ್ರೇಟರಾ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಪ್ರೆಶರ್ ಗೇಜು, ಟ್ರಾನ್ಸ್‌ಮಿಟರು (ಪ್ರೆಶರ್ ಅಳೆದು ಕರೆಂಟ್ ಸಿಗ್ನಲ್ ಆಗಿ ಕಳಿಸೋ ಸಾಧನ) ಕ್ಯಾಲಿಬ್ರೇಟ್ ಮಾಡೋಕೆ, ಅಂದ್ರೆ ಗೊತ್ತಿರೋ ಪ್ರೆಶರ್ ಕೊಟ್ಟು ಸರಿ ತೋರಿಸ್ತಾವಾ ಅಂತ ನೋಡೋಕೆ, ಡೆಡ್ ವೆಯ್ಟ್ ಟೆಸ್ಟರ್, ಡಿಜಿಟಲ್ ಕ್ಯಾಲಿಬ್ರೇಟರ್ ಇವೆರಡರಲ್ಲಿ ಯಾವ್ದು ತಗೊಳ್ಳೋದು ಅಂದ್ರೆ ಎಲ್ರೂ ಮೊದ್ಲು ನೋಡೋದು ಡೇಟಾಶೀಟ್‌ನಲ್ಲಿರೋ ಅಕ್ಯುರಸಿ ನಂಬರ್. ಎರಡನ್ನೂ ಒಂದೇ ಪ್ಲಾಂಟಲ್ಲಿ, ಅವೇ ಟ್ರಾನ್ಸ್‌ಮಿಟರ್‌ಗಳಿಗೆ ಬಳಸಿದ ಮೇಲೆ ನಾನು ಹೇಳೋದು ಇಷ್ಟೇ, ಹೊಸದಿದ್ದಾಗ ಎಷ್ಟು ಸರಿ ಇದೆ ಅನ್ನೋದಕ್ಕಿಂತ ವರ್ಷಗಳು ಕಳೆದ ಮೇಲೂ ಅದನ್ನ ನಂಬಬಹುದಾ ಅನ್ನೋದು ಮುಖ್ಯ.

ಡೆಡ್ ವೆಯ್ಟ್ ಟೆಸ್ಟರ್‌ನಲ್ಲಿ ಬಚ್ಚಿಡೋಕೆ ಏನೂ ಇಲ್ಲ, ಆಯಿಲ್ ಮೇಲೆ ನಿಲ್ಲೋ ಪಿಸ್ಟನ್ ಮೇಲೆ ತೂಕದ ಬಿಲ್ಲೆಗಳನ್ನ ಇಡೋದು, ಆ ಬಲವನ್ನ ಪಿಸ್ಟನ್ ಏರಿಯಾದಿಂದ ಭಾಗಿಸಿದ್ರೆ ಪ್ರೆಶರ್ ಬಂತು. ಬಿಲ್ಲೆಗಳನ್ನ ಇಟ್ಟು ಕೈಯಲ್ಲಿ ತಿರುಗಿಸಿಬಿಟ್ರೆ ಆಯಿಲ್ ಕ್ಲೀನ್ ಇದ್ದಾಗ ಸದ್ದಿಲ್ಲದೆ ತುಂಬಾ ಹೊತ್ತು ಸುತ್ತುತ್ತೆ, ಒಳಗೆ ಕಸ ಸೇರಿದ್ರೆ ಬೇಗ ನಿಂತ್ಬಿಡುತ್ತೆ, ಅಂದ್ರೆ ಇಂಥ ತೊಂದ್ರೆ ಇದ್ರೆ ರೀಡಿಂಗ್ ತಗೊಳ್ಳೋ ಮುಂಚೆನೇ ಕೈಗೆ ಗೊತ್ತಾಗುತ್ತೆ. ನಂಗೆ ಅದ್ರಲ್ಲಿ ತುಂಬಾ ಇಷ್ಟ ಆಗೋದೇ ಇದು. ಆದ್ರೆ ಕರೆಕ್ಷನ್ ಬಿಡೋ ಹಾಗಿಲ್ಲ. ಬಿಲ್ಲೆಗಳನ್ನ ಸಾಮಾನ್ಯವಾಗಿ 9.80665 m/s² ಅನ್ನೋ ಸ್ಟ್ಯಾಂಡರ್ಡ್ ಗುರುತ್ವಕ್ಕೆ ಮಾಡಿರ್ತಾರೆ, ನಿಜವಾದ ಗುರುತ್ವ ಸಮಭಾಜಕದಲ್ಲಿ 9.780, ಧ್ರುವದಲ್ಲಿ 9.832, ಅಂದ್ರೆ ಅರ್ಧ ಪರ್ಸೆಂಟ್ ವ್ಯತ್ಯಾಸ! 0.015% ಅಕ್ಯುರಸಿಗೆ ದುಡ್ಡು ಕೊಟ್ಟು ಲೋಕಲ್ ಗುರುತ್ವ ಹಾಕದೆ ಇದ್ರೆ ಆ ನಂಬರ್‌ಗೆ ಅರ್ಥನೇ ಇಲ್ಲ. ಗಾಳಿ ತೇಲಿಸೋದ್ರಿಂದ ಸ್ಟೀಲ್ ಬಿಲ್ಲೆಗಳಿಗೆ ಸುಮಾರು 0.015%, ಗೇಜ್ ಪಿಸ್ಟನ್‌ಗಿಂತ 10 ಸೆಂಮೀ ಮೇಲೆ ಕೆಳಗೆ ಇದ್ರೆ ಆಯಿಲ್ ಕಾಲಂದು ಇನ್ನೊಂದು 0.8 ಕಿಲೋಪಾಸ್ಕಲ್, ಇವೂ ಸೇರುತ್ವೆ.

ಡಿಜಿಟಲ್‌ನಲ್ಲಿ ಪ್ರೆಶರ್ ಅಳೆಯೋದು ಸೆನ್ಸರ್, ಹಾಗಾಗಿ ಗುರುತ್ವ, ಗಾಳಿ ತೇಲಿಸೋದ್ರ ಲೆಕ್ಕ ಇಲ್ಲ, ಏಣಿ ಹತ್ತಿ ಟ್ರಾನ್ಸ್‌ಮಿಟರ್ ಹತ್ರನೇ ಕೂತು ಪ್ರೆಶರ್ ಕೊಟ್ಟು ಅದು ಕಳಿಸೋ 4–20 ಮಿಲಿಆಂಪ್ ಸಿಗ್ನಲ್ ಓದಿ ರೆಕಾರ್ಡ್ ಮಾಡ್ಕೊಂಡು ಇಳೀಬಹುದು, ವೈಬ್ರೇಷನ್ ಇರೋ ಜಾಗದಲ್ಲಿ ಡೆಡ್ ವೆಯ್ಟ್ ಲೆವೆಲ್ ಮಾಡೋಕೂ ಆಗಲ್ಲ. ಎಚ್ಚರ ಬೇಕಾಗಿರೋದು ಫುಲ್ ಸ್ಕೇಲ್, ಅಂದ್ರೆ ಅಳೆಯೋಕಾಗೋ ಗರಿಷ್ಠ ಪ್ರೆಶರ್, ಅನ್ನೋ ಪದದ ಹತ್ರ. 100 ಬಾರ್ ವರೆಗೆ ಅಳೆಯೋ ಮಾಡ್ಯೂಲ್‌ಗೆ (ಸೆನ್ಸರ್ ಇರೋ ಭಾಗ) 0.05% ಫುಲ್ ಸ್ಕೇಲ್ ಅಂದ್ರೆ 0.05 ಬಾರ್, 10 ಬಾರ್ ಅಳೆಯುವಾಗ ಅದೇ ಅರ್ಧ ಪರ್ಸೆಂಟ್ ಆಗುತ್ತೆ. ಇನ್ನೊಂದು, ಸೆನ್ಸರ್ ನಿಧಾನಕ್ಕೆ ಡ್ರಿಫ್ಟ್ ಆಗುತ್ತೆ, ಅಂದ್ರೆ ಅದ್ರ ರೀಡಿಂಗ್ ಸರಿಯಿಂದ ಜಾರುತ್ತೆ, ಪ್ರೆಶರ್ ಇಲ್ದಾಗಿನ ಝೀರೋ ಹೋದ್ರೆ ಒಂದು ಬಟನ್‌ನಲ್ಲಿ ಸರಿ ಮಾಡ್ಬಹುದು, ಝೀರೋದಿಂದ ಗರಿಷ್ಠದವರೆಗಿನ ಅಳತೆ, ಅಂದ್ರೆ ಸ್ಪ್ಯಾನ್, ಹೋದ್ರೆ ಸ್ಕ್ರೀನ್ ನೋಡಿ ಯಾರಿಗೂ ಗೊತ್ತಾಗಲ್ಲ.

ಆದ್ರೂ ಡಿಜಿಟಲ್ ಗೆಲ್ಲೋದು ದಾಖಲೆಯಲ್ಲಿ. ಕ್ಯಾಲಿಬ್ರೇಷನ್ ಲ್ಯಾಬ್‌ಗಳ ಮಾನದಂಡ ಐಎಸ್ಒ/ಐಇಸಿ 17025 ಪ್ರಕಾರ ಗ್ರಾಹಕರ ಒಪ್ಪಿಗೆ ಇಲ್ದೆ ಲ್ಯಾಬ್ ಸರ್ಟಿಫಿಕೇಟ್‌ನಲ್ಲಿ ಮುಂದಿನ ಕ್ಯಾಲಿಬ್ರೇಷನ್ ಯಾವಾಗ ಅಂತ ಬರೆಯೋ ಹಾಗಿಲ್ಲ, ಇಂಟರ್ವಲ್ ನಿರ್ಧಾರ ನಮ್ದೇ. ಅದಕ್ಕೆ ಆಧಾರ ಆಸ್ ಫೌಂಡ್ ರೀಡಿಂಗ್, ಅಂದ್ರೆ ಅಡ್ಜಸ್ಟ್ ಮಾಡೋ ಮುಂಚೆ ಸಿಕ್ಕಿದ್ದು. ಮೊದ್ಲು ಅಡ್ಜಸ್ಟ್ ಮಾಡಿ ಆಮೇಲೆ ಬರ್ಕೊಂಡ್ರೆ ಆ ಅವಧಿಯ ಡ್ರಿಫ್ಟ್ ಇತಿಹಾಸ ಹೋಯ್ತು, ಮತ್ತೆ ಸಿಗಲ್ಲ. ಡಿಜಿಟಲ್ ಅದನ್ನ ಟೈಮ್ ಸಮೇತ ಇಟ್ಕೊಳುತ್ತೆ, ಡೆಡ್ ವೆಯ್ಟ್ ಜೊತೆ ಎಲ್ಲಾ ಕೈಬರಹ.

ಹಾಗಾಗಿ ಫೀಲ್ಡ್‌ಗೆ ಡಿಜಿಟಲ್, ಬೆಂಚ್ ಮೇಲೆ ಡೆಡ್ ವೆಯ್ಟ್, ಡಿಜಿಟಲ್‌ನ ಸ್ಪ್ಯಾನನ್ನ ಆಗಾಗ ಅದ್ರ ಜೊತೆ ಹೋಲಿಸಿ ನೋಡೋದು. ಒಂದೇ ತಗೊಳ್ಳೋ ಹಾಗಿದ್ರೆ, ಟ್ರಾನ್ಸ್‌ಮಿಟರ್‌ಗಳು ಪ್ಲಾಂಟ್ ತುಂಬಾ ಹರಡ್ಕೊಂಡಿದ್ರೆ ಡಿಜಿಟಲ್ಲೇ ತಗೊಳ್ಳಿ, ಆದ್ರೆ ಒಂದೇ ದೊಡ್ಡ ಮಾಡ್ಯೂಲ್ ಬದ್ಲು ನೀವು ಅಳೆಯೋ ರೇಂಜ್‌ಗೆ ಹತ್ರ ಇರೋ ಎರಡು ಮಾಡ್ಯೂಲ್ ತಗೊಳ್ಳಿ.