ಮಾಸಾಶನ, ನಿರಾಮಯ, ಪೋಷಕತ್ವ: ತಂಗಿಗಾಗಿ ಓಡಾಡಿದವನ ವಿಮರ್ಶೆ

ವಿಷಯಕ್ಕೇ ಬರುತ್ತೇನೆ. ಬೆಳೆದು ದೊಡ್ಡವರಾದ ಬುದ್ಧಿಮಾಂದ್ಯ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಸರ್ಕಾರದಿಂದ ಸಿಗುವ ನೆರವು ಒಂದೇ ಕಿಟಕಿಯಲ್ಲಿ ಸಿಗುವುದಿಲ್ಲ. ಸ್ವಲ್ಪ ಕಂದಾಯ ಇಲಾಖೆಯಲ್ಲಿ, ಸ್ವಲ್ಪ ದೆಹಲಿಯ ನ್ಯಾಷನಲ್ ಟ್ರಸ್ಟ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ, ಸ್ವಲ್ಪ ವಿಕಲಚೇತನರ ಇಲಾಖೆಯಲ್ಲಿ, ಇನ್ನು ಸ್ವಲ್ಪ ಡಿಸಿ ಆಫೀಸಿನ ಫೈಲಿನಲ್ಲಿ ಇದೆ. ಮಿಕ್ಸಿ ಕೊಂಡರೂ ನಾಲ್ಕು ಜನ ವಿಮರ್ಶೆ ಬರೆಯುತ್ತಾರೆ. ಇದಕ್ಕೆ ಯಾರೂ ಬರೆಯುವುದಿಲ್ಲ, ಅಲ್ವಾ? ನಾನು ಎಲ್ಲವನ್ನೂ ಬಳಸಿ ನೋಡಿದ್ದೇನೆ. ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಹೆಸರಿಗಷ್ಟೇ ಇದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ತಂಗಿಗೆ 36 ವರ್ಷ. ಅವಳು ನಿಟ್ಟುವಳ್ಳಿಯ ಹಳೇ ಮನೆಯಲ್ಲಿ ಅವ್ವನ ಜೊತೆ ಇದ್ದಾಳೆ. ನಮ್ಮ ಮನೆ ಹಿಂದಿನ ಬೀದಿಯಲ್ಲಿ. ಅವ್ವನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ತಂಗಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ತಿಂಗಳ ಆ ದಿನಗಳಲ್ಲಿ ನೋಡಿಕೊಳ್ಳುವುದು ಈಗ ಅವ್ವನ ಕೈಲಿ ಆಗುವುದಿಲ್ಲ. ಬೆಳಗ್ಗೆ ಒಬ್ಬ ಹೆಂಗಸು ಬಂದು ಮಾಡಿ ಹೋಗುತ್ತಾಳೆ. ಅವಳ ಸಂಬಳ ತಿಂಗಳಿಗೆ 4,500. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕೂ ಬೀಗದ ಕೈ ಅಂದರೆ ವೈಕಲ್ಯದ ಸರ್ಟಿಫಿಕೇಟು. ಈಗ ಅದು ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡ್ ರೂಪದಲ್ಲಿ ಬರುತ್ತದೆ. ವೈಕಲ್ಯ ಶೇ 40ರಿಂದ 80ರೊಳಗೆ ಇದ್ದರೆ ಕಾರ್ಡ್ ಹಳದಿ, 80 ಮತ್ತು ಅದಕ್ಕಿಂತ ಮೇಲಾದರೆ ನೀಲಿ. ಬುದ್ಧಿಮಾಂದ್ಯದ ಶೇಕಡಾವಾರು ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿದೆ. ಸೌಮ್ಯ ಅಂದರೆ 50, ಮಧ್ಯಮ ಅಂದರೆ 75, ತೀವ್ರ ಅಂದರೆ 90, ಅತಿ ತೀವ್ರ ಅಂದರೆ 100. ಐವತ್ತಕ್ಕೂ ಎಪ್ಪತ್ತೈದಕ್ಕೂ ನಡುವೆ ಏನೂ ಇಲ್ಲ. ಮಾಸಾಶನದ ಗೆರೆಯೂ ಸರಿಯಾಗಿ ಆ 75ರ ಮೇಲೇ ಇದೆ. ಐವತ್ತು ಬಂದರೆ ತಿಂಗಳಿಗೆ 800 ರೂಪಾಯಿ, ಎಪ್ಪತ್ತೈದು ಬಂದರೆ 2,000. ಅಂದರೆ ಒಂದು ಬೆಳಗಿನ ಪ್ರಶ್ನೋತ್ತರದಲ್ಲಿ ವರ್ಷಕ್ಕೆ 14,400 ರೂಪಾಯಿಯ ತೀರ್ಮಾನ ಆಗಿಬಿಡುತ್ತದೆ.

ಆ ಪ್ರಶ್ನೋತ್ತರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಐಕ್ಯೂ ಪರೀಕ್ಷೆಯ ಜೊತೆಗೆ ವಿಎಸ್‌ಎಂಎಸ್ ಎಂಬ ಪ್ರಶ್ನಾವಳಿ ಇರುತ್ತದೆ. ತಾನೇ ಬಟ್ಟೆ ಹಾಕಿಕೊಳ್ಳುತ್ತಾಳಾ, ಒಬ್ಬಳೇ ಬೀದಿಗೆ ಹೋಗಿ ಬರುತ್ತಾಳಾ, ದುಡ್ಡು ಗೊತ್ತಾಗುತ್ತಾ, ಇಂಥ ಪ್ರಶ್ನೆಗಳು. ಉತ್ತರ ಹೇಳಬೇಕಾದವರು ಮನೆಯವರು. ನಮ್ಮ ಅವ್ವ ಕುರ್ಚಿ ಮೇಲೆ ನೆಟ್ಟಗೆ ಕೂತು, ಗಂಡಿನ ಕಡೆಯವರಿಗೆ ಹೇಳುವ ಹಾಗೆ ಹೇಳತೊಡಗಿದಳು. ‘ಎಲ್ಲಾ ಮಾಡ್ಕೊಂತಾಳ್ರೀ ಮೇಡಂ. ನಮ್ಮ ಹುಡುಗಿ ಭಾಳ ಶ್ಯಾಣೆ ಅದಾಳ.’ ಮೂವತ್ತು ವರ್ಷ ನೆಂಟರ ಮುಂದೆ, ಮದುವೆ ಮನೆಗಳಲ್ಲಿ ಹೇಳಿ ಹೇಳಿ ಅಭ್ಯಾಸವಾದ ಮಾತು ಅದು. ಮಗಳನ್ನು ಯಾರೂ ಕಡಿಮೆ ಅಂದುಕೊಳ್ಳಬಾರದು, ಅಷ್ಟೇ ಅವಳ ಆಸೆ.

ಆ ಮನಃಶಾಸ್ತ್ರಜ್ಞೆಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಅವರು ಅವ್ವನ ಮಾತನ್ನು ಅಲ್ಲಗಳೆಯಲಿಲ್ಲ. ತಂಗಿಗೆ ಸ್ವೆಟರ್ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳಲು ಹೇಳಿದರು. ಅವಳು ಮೇಲಿನ ಗುಂಡಿಯನ್ನು ಮೂರನೇ ಕಾಜಕ್ಕೆ ತೂರಿಸಿ, ಆಯ್ತು ಅನ್ನುವಂತೆ ನಕ್ಕಳು. ಆಮೇಲೆ ಅವರು ಅವ್ವನ ಕಡೆ ತಿರುಗಿ ಕೇಳಿದರು: ‘ಅಮ್ಮಾ, ನೀವು ಪಕ್ಕದಲ್ಲಿ ಇಲ್ಲದೆ ಇದ್ದಾಗ ಏನೇನು ಮಾಡ್ತಾಳೆ, ಅಷ್ಟು ಮಾತ್ರ ಹೇಳಿ.’ ಅವ್ವ ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದೇ ಬಾಯಿಗೆ ಬಂತು. ಅಂಗಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುವುದು, ಗ್ಯಾಸ್ ರೆಗ್ಯುಲೇಟರ್ ತೆಗೆದಿಡುವುದು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು. ಕಾರ್ಡಿನಲ್ಲಿ 75 ಬಂತು. ಪರೀಕ್ಷೆಗೆ ಹೋಗುವ ಎಲ್ಲ ಅವ್ವಂದಿರಿಗೂ ನಾನು ಹೇಳುವುದು ಇದನ್ನೇ. ಮಗುವಿನ ಶ್ಯಾಣೇತನ ಮನೆಯಲ್ಲಿ ಹೊಗಳಿ. ಅಲ್ಲಿ ಮಾತ್ರ ನೀವು ದಿನಾ ಏನು ಮಾಡುತ್ತೀರಿ ಅನ್ನುವುದನ್ನು ಹೇಳಿ.

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಕುಟುಂಬದ ವರ್ಷದ ಆದಾಯ 32,000 ಮೀರಬಾರದು. ಭಾಗಿಸಿ ನೋಡಿ, ತಿಂಗಳಿಗೆ 2,700 ಕೂಡ ಆಗುವುದಿಲ್ಲ. ಅವ್ವ ಮತ್ತು ತಂಗಿಯ ರೇಷನ್ ಕಾರ್ಡ್ ಬೇರೆ ಇದ್ದುದರಿಂದ ನಮಗೆ ಆಯಿತು. ಕೂಲಿಗೆ ಹೋಗುವ ಅಣ್ಣನ ಕಾರ್ಡಿನಲ್ಲಿ ಹೆಸರಿದ್ದರೂ ಈ ಮಿತಿ ದಾಟಿಬಿಡುತ್ತದೆ. ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ನೇರ ಬರುತ್ತದೆ. ಬರುವುದು ಶುರುವಾದ ಮೇಲೆ ನಮಗೆ ತೊಂದರೆ ಆಗಿಲ್ಲ. ಆದರೆ ಶುರುವಾಗುವ ತನಕ ಆಧಾರಿನ ಹೆಸರು, ಕಾರ್ಡಿನ ಹೆಸರು, ಪಾಸ್‌ಬುಕ್ಕಿನ ಹೆಸರು ಮೂರೂ ಅಕ್ಷರ ಅಕ್ಷರಕ್ಕೆ ಒಂದೇ ಇರಬೇಕು. ತಂಗಿಯ ಹೆಸರಿನ ಮುಂದಿನ ಇನಿಷಿಯಲ್ ಒಂದು ಕಡೆ ಹಿಂದಕ್ಕೆ ಹೋಗಿತ್ತು. ಅಷ್ಟಕ್ಕೇ ಅರ್ಜಿ ವಾಪಸ್. ಮಾಸಾಶನಕ್ಕೆ ಮೂರು ಸ್ಟಾರ್.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ವಿಕಲಚೇತನರ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ ನೂರು ಕಿಲೋಮೀಟರ್ ಒಳಗೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದಿರುವುದರಿಂದ ತಂಗಿಗೂ ಅವ್ವನಿಗೂ ಅದರ ಅಗತ್ಯವೇ ಇಲ್ಲ. ಜೊತೆಗೆ ಹೋಗುವ ಗಂಡಸು ನಾನೊಬ್ಬ ಟಿಕೆಟ್ ತಗೋತೇನೆ. ರೈಲಿನಲ್ಲಿ ಮಾತ್ರ ಜೊತೆಗಿರುವವನಿಗೂ ರಿಯಾಯಿತಿ ಇದೆ.

ನಿರಾಮಯ ನನಗೆ ಇಷ್ಟವಾದ ಯೋಜನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ ಇದು. ವರ್ಷಕ್ಕೆ ಒಂದು ಲಕ್ಷದವರೆಗೆ. ಬಿಪಿಎಲ್ ಆದರೆ ಸೇರಲು 250 ರೂಪಾಯಿ, ಆಮೇಲೆ ನವೀಕರಣಕ್ಕೆ 50. ಸೇರಿಸಿಕೊಳ್ಳುವ ಮೊದಲು ವೈದ್ಯಕೀಯ ತಪಾಸಣೆ ಇಲ್ಲ, ವಯಸ್ಸಾಯಿತು ಅಂತ ಕಂತು ಏರಿಸುವುದಿಲ್ಲ. ತಂಗಿಗೆ ಫಿಟ್ಸ್ ಇದೆ. ಹೊರಗಿನ ಎಷ್ಟು ವಿಮೆ ಏಜೆಂಟರು ಆ ಒಂದು ಪದ ಕೇಳಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೋ! ಥೆರಪಿ ಖರ್ಚಿಗೂ ಇದರಲ್ಲಿ ಜಾಗ ಇದೆ. ಕಷ್ಟ ಏನೆಂದರೆ ಮೊದಲು ಕೈಯಿಂದ ಕಟ್ಟಿ, ಬಿಲ್ ಕಳಿಸಿ, ಆಮೇಲೆ ಕಾಯಬೇಕು. ಕೈಯಲ್ಲಿ ಕಾಸಿಲ್ಲದವರಿಗೇ ಮಾಡಿದ ಯೋಜನೆಯಲ್ಲಿ ಮೊದಲು ಕಾಸು ತೋರಿಸಿ ಅಂದರೆ ಹೇಗೆ? ಬಿಲ್ಲಿನ ಮೇಲೆ ಡಾಕ್ಟರ ಸಹಿ, ಸೀಲು, ತಾರೀಕು ಮೂರೂ ಇದೆಯಾ ಅಂತ ಆಸ್ಪತ್ರೆಯ ಕೌಂಟರಿನಲ್ಲೇ ನೋಡಿಕೊಂಡು ಬನ್ನಿ. ನಾಲ್ಕು ಸ್ಟಾರ್.

ಇನ್ನು ಪೋಷಕತ್ವ. ಇದರಲ್ಲಿ ಒಂದು ಪೈಸೆ ಸಿಗುವುದಿಲ್ಲ. ಆದರೂ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿಗೆ ತಂಗಿ ದೊಡ್ಡವಳು. ತಾಯಿ ಅನ್ನುವ ಕಾರಣಕ್ಕೇ ಅವ್ವ ಅವಳ ಪರವಾಗಿ ಸಹಿ ಹಾಕುವಂತಿಲ್ಲ. ಒಂದು ಬ್ಯಾಂಕಿನಲ್ಲಿ ತಂಗಿಯ ಖಾತೆಯ ಕೆವೈಸಿ ಮಾಡಿಸಲು ಹೋದಾಗ, ಕೌಂಟರಿನವರು ಅವಳನ್ನೇ ಪ್ರಶ್ನೆ ಕೇಳಿದರು. ಅವಳು ಅವರ ಪೆನ್ನಿನ ಚೈನ್ ಹಿಡಿದು ಆಡುತ್ತಿದ್ದಳು. ‘ಕೋರ್ಟ್ ಆರ್ಡರ್ ತನ್ನಿ’ ಅಂದರು.

ಕೋರ್ಟಿಗೆ ಹೋಗಬೇಕಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪ್ರತಿ ಜಿಲ್ಲೆಗೂ ಸ್ಥಳೀಯ ಮಟ್ಟದ ಸಮಿತಿ ಇದೆ. ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಜೊತೆಗೆ ಒಂದು ನೋಂದಾಯಿತ ಸಂಸ್ಥೆಯವರು, ಒಬ್ಬ ವಿಕಲಚೇತನರು. ಅರ್ಜಿ ನೋಡಿ, ಮಾತಾಡಿಸಿ, ಪೋಷಕತ್ವದ ಪ್ರಮಾಣಪತ್ರ ಕೊಡುವ ಅಧಿಕಾರ ಅವರಿಗಿದೆ. ಈ ಪತ್ರವನ್ನು ಒಪ್ಪಿಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಅದರ ಪ್ರತಿ ಹಿಡಿದುಕೊಂಡು ಹೋದ ದಿನ ಅದೇ ಕೌಂಟರಿನಲ್ಲಿ ಕೆಲಸ ಆಯಿತು. ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲಿದೆ. ಡಿಸಿ ಸಾಹೇಬರಿಗೆ ಬರಗಾಲ, ಚುನಾವಣೆ, ಸಚಿವರ ಪ್ರವಾಸ ನೂರೆಂಟು ಇರುತ್ತವೆ. ಹಾಗಾಗಿ ಅವಸರ ಬೀಳುವ ಮೊದಲೇ ಅರ್ಜಿ ಹಾಕಿ. ತಾಯಿ ಇರುವಾಗಲೇ, ಅವಳ ಒಪ್ಪಿಗೆಯ ಜೊತೆಗೇ ಮಾಡಿಸಿಬಿಟ್ಟರೆ ಒಳ್ಳೆಯದು. ಆಮೇಲೆ ಅಣ್ಣತಮ್ಮಂದಿರ ನಡುವೆ ಹಳೇ ಮನೆಯ ಮಾತು ಬಂದರೆ ಏನಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ಇದರಲ್ಲಿ ನನಗೆ ಮೆಚ್ಚುಗೆಯಾದ ಒಂದು ನಿಯಮ ಇದೆ. ಪೋಷಕನಾದವನು ಆರು ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳಲ್ಲಿ ಜಮಾ ಖರ್ಚು ಒಪ್ಪಿಸಬೇಕು. ಎಷ್ಟೋ ಜನಕ್ಕೆ ಇದು ತಲೆನೋವು. ನನಗೆ ಸಮಾಧಾನ. ತಂಗಿಯ ದುಡ್ಡಿಗೆ ಬೇರೆಯೇ ಒಂದು ಪುಸ್ತಕ ಇಟ್ಟಿದ್ದೇನೆ, ಅದರಲ್ಲಿ ಅವಳ ತಲೆಪಿನ್ನು, ಬೆಣ್ಣೆ ದೋಸೆಯ ಖರ್ಚೂ ಇದೆ.

ಈಗ ಆ 4,500ಕ್ಕೆ ಬರೋಣ. ಮನೆಗೆ ಬಂದು ನೋಡಿಕೊಳ್ಳುವ ಕೈಗೆ ದುಡ್ಡು ಎಲ್ಲಿಂದ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಅನ್ನುವ ಮಾತು ಸ್ಪಷ್ಟವಾಗಿ ಇದೆ. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಅಂಥದ್ದೊಂದು ಬಂದಾಗ ಪೇಪರ್ ಓದಿ ಖುಷಿಯಾಯಿತು. ತಿಂಗಳಿಗೆ 1,000 ರೂಪಾಯಿ. ಮುಂದಿನ ಸಾಲಿನಲ್ಲಿ ಯಾರಿಗೆ ಅಂತ ಇತ್ತು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಅವರಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿಯಲ್ಲಿ ಬುದ್ಧಿಮಾಂದ್ಯ ಇರಲಿಲ್ಲ. ನಮ್ಮವರು ಎದ್ದು ಓಡಾಡುತ್ತಾರೆ, ಅದಕ್ಕೇ ಇರಬೇಕು. ಓಡಾಡುವವರ ಹಿಂದೆ ಇಡೀ ದಿನ ಓಡಾಡುವವರು ಬೇಕು ಅನ್ನುವುದು ಬಜೆಟ್ ಬರೆಯುವವರಿಗೆ ತಿಳಿಸುವವರು ಯಾರು?

ಆಸ್ಟ್ರೇಲಿಯಾದಲ್ಲಿ 2013ರಿಂದ ಎನ್‌ಡಿಐಎಸ್ ಅಂತ ಒಂದು ವ್ಯವಸ್ಥೆ ಇದೆ. ಯೋಜನೆಗೆ ಸೇರಿದ ಒಬ್ಬೊಬ್ಬರಿಗೂ ಏನು ಬೇಕು ಅಂತ ನೋಡಿ ಅವರ ಹೆಸರಿಗೇ ಬಜೆಟ್ ಇಡುತ್ತಾರೆ. ಸಹಾಯಕ್ಕೆ ಬರುವವರ ಗಂಟೆಗಳಿಗೂ ಅದರಲ್ಲೇ ದುಡ್ಡು. ಅಷ್ಟೆಲ್ಲ ಇಲ್ಲಿ ಕೇಳುವುದಿಲ್ಲ. ನಮ್ಮ ಪುಸ್ತಕದಲ್ಲಿ ತಂಗಿಯ 2,000, ಅವ್ವನ ಸಂಧ್ಯಾ ಸುರಕ್ಷಾ 1,200, ಒಟ್ಟು 3,200. ಬೆಳಗಿನ ಸಹಾಯಕ್ಕೇ 4,500. ಊಟ, ಫಿಟ್ಸ್ ಮಾತ್ರೆ, ಪ್ಯಾಡು ಎಲ್ಲ ಅದರ ಮೇಲೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ನನ್ನ ಹೆಂಡತಿ ಮಾಡುವ ಕೆಲಸ ಯಾವ ಕಾಲಂನಲ್ಲೂ ಇಲ್ಲ. ಮನೆ ಆರೈಕೆಯ ನೆರವಿಗೆ ನನ್ನ ಅಂಕ ಸೊನ್ನೆ.

ಇಷ್ಟರಲ್ಲಿ ಪೂರ್ತಿ ಅಂಕ ಪಡೆಯುವ ಇನ್ನೊಬ್ಬರು ನಮ್ಮ ಕಡೆಯ ಯುಆರ್‌ಡಬ್ಲ್ಯೂ. ಹಳ್ಳಿಯ ಪಂಚಾಯ್ತಿಗಳಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಊರಿನಲ್ಲಿ ಯುಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಗೌರವಧನದ ಮೇಲೆ ದುಡಿಯುವವರು. ನಮ್ಮವರು ಸ್ವತಃ ಪೋಲಿಯೊ ಆದವರು, ಪಕ್ಕಕ್ಕೆ ಎರಡು ಗಾಲಿ ಹಾಕಿಸಿದ ಸ್ಕೂಟರಿನಲ್ಲಿ ಬರುತ್ತಾರೆ. ಜಗಲಿ ಮೇಲೆ ಕೂತು ಅವ್ವನ ಕಾಗದಗಳನ್ನೆಲ್ಲ ಹರವಿ, ‘ಅಮ್ಮಾ, ಆದಾಯ ಪ್ರಮಾಣಪತ್ರದ ಅವಧಿ ನೋಡ್ಕೊಳ್ರಿ, ಮುಗಿಯೋಕೆ ಮೊದ್ಲೇ ಹೊಸದು ಮಾಡಿಸ್ರಿ’ ಅಂತ ಹೇಳಿ ಹೋಗುತ್ತಾರೆ. ನಿರಾಮಯ, ಸಮಿತಿ ಎರಡರ ಹೆಸರನ್ನೂ ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ನಮ್ಮೂರಿನಲ್ಲಿ ಸಿಆರ್‌ಸಿ ಅಂತ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಇದೆ, ಅಲ್ಲಿ ಥೆರಪಿ ಮತ್ತು ಸಲಹೆ ಸಿಗುತ್ತದೆ ಅಂತ ತಿಳಿಸಿದವರೂ ಅವರೇ.

ಹೊಸದಾಗಿ ಶುರು ಮಾಡುವವರು ಸೈಬರ್ ಸೆಂಟರಿಗೆ ಹೋಗುವ ಮೊದಲು ನಿಮ್ಮ ವಾರ್ಡಿಗೆ ಯುಆರ್‌ಡಬ್ಲ್ಯೂ ಯಾರು ಅಂತ ಪಾಲಿಕೆಯಲ್ಲಿ ಕೇಳಿ. ಹಳ್ಳಿಯವರಾದರೆ ಪಂಚಾಯ್ತಿಯಲ್ಲಿ ಕೇಳಿ. ಹೋಗುವಾಗ ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕು, ಆದಾಯ ಪ್ರಮಾಣಪತ್ರ ಇವುಗಳ ಜೆರಾಕ್ಸ್ ಜೊತೆಗಿರಲಿ. ಯಾವ ಕಚೇರಿಯಲ್ಲಿ ಅರ್ಜಿ ಕೊಟ್ಟರೂ ಸ್ವೀಕೃತಿ ನಂಬರ್ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ.