ಕಿವಿ, ಡಾಂಗಲ್, ಬಾಟಲಿ, ಗೇಜ್, ಮೀಟರ್: ಹಳೇ ಕಾರಿಗೆ ಪೆಟ್ರೋಲ್ ಸಾಲದಾಗ ನಿಜ ಹೇಳಿದ್ದು ಯಾವುದು?

ನಂದಿ ಬೆಟ್ಟದ ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲೂ ಗಾಡಿ ಹತ್ತಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸಿತು. ಹಿಂದಿದ್ದ ಬೈಕಿನವರೆಲ್ಲ ಹಾರ್ನ್ ಹೊಡೆದು ದಾಟಿ ಹೋದರು. ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಐಡಲಿಂಗ್‌ನಲ್ಲಿ ತಣ್ಣಗೆ ಓಡುತ್ತಾ ನಿಂತಿತು.

ನನ್ನದು 2003ರ ಸಣ್ಣ ಪೆಟ್ರೋಲ್ ಕಾರು. ಎಂಪಿಎಫ್‌ಐ ಎಂಜಿನ್ (ಇಂಜೆಕ್ಟರ್ ಎಂಬ ಸಣ್ಣ ನಳಿಕೆಗಳು ಪೆಟ್ರೋಲ್ ಚಿಮ್ಮಿಸುವಂಥದು), ಟ್ಯಾಂಕಿನ ಒಳಗೆ ಕರೆಂಟಿನ ಪಂಪು, ಕೆಎ 02 ನಂಬರು. 15 ವರ್ಷ ದಾಟಿದ ಮೇಲೆ ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿ ರಿನ್ಯೂ ಮಾಡಿಸಿ ಉಳಿಸಿಕೊಂಡಿದ್ದೇನೆ. ರಾಜಾಜಿನಗರದ ಸುತ್ತಮುತ್ತ ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ, ಮೂರು ಉತ್ತರ ಬಂತು. ಒಬ್ಬರು ಪಂಪ್ ಹೋಗಿದೆ ಅಂದರು, 6,500 ರೂಪಾಯಿ, ಕೂಲಿ ಬೇರೆ. ಇನ್ನೊಬ್ಬರು ಫಿಲ್ಟರ್ ಕಟ್ಟಿಕೊಂಡಿದೆ ಅಂದರು. 350 ರೂಪಾಯಿಯ ಕೆಲಸ ಅಂತ ಅದನ್ನು ಮಾಡಿಸಿಯೂ ಬಿಟ್ಟೆ, ಏನೂ ಬದಲಾಗಲಿಲ್ಲ. ಮೂರನೆಯವರು ‘ಎಲ್ಲಾ ಎಥೆನಾಲ್ ಪೆಟ್ರೋಲಿನ ಕಾಟ ಸಾರ್’ ಅಂದರು. ಇನ್ನು ಊಹೆಗೆ ದುಡ್ಡು ಕೊಡೋದು ಬೇಡ, ಪರೀಕ್ಷೆಗೆ ಕೊಡೋಣ ಅಂದುಕೊಂಡೆ. ಐದು ದಾರಿ ನೋಡಿದ್ದಾಯಿತು.

ಕಿವಿಗೆ ಖರ್ಚಿಲ್ಲ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ‘ಝೂಂ’ ಅನ್ನಬೇಕು. ನಮ್ಮ ಬೀದಿಯಲ್ಲಿ ಇದನ್ನು ಕಸದ ಆಟೋ ಬರುವ ಮೊದಲೇ ಮಾಡಬೇಕು, ಆಮೇಲೆ ಏನೂ ಕೇಳಿಸುವುದಿಲ್ಲ. ನನ್ನ ಕಾರು ಝೂಂ ಅಂದಿತು. ಅಂದರೆ ಫ್ಯೂಸ್ ಇದೆ, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು) ಎಳೆಯುತ್ತಿದೆ, ಪಂಪ್ ತಿರುಗುತ್ತಿದೆ. ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದು ಕಿವಿಗೆ ಗೊತ್ತಾಗುವುದಿಲ್ಲ.

ಡಾಂಗಲ್ ವಿಷಯದಲ್ಲಿ ನಾನು ಪೆದ್ದನಾದೆ. ಎಸ್‌ಪಿ ರೋಡಿನಲ್ಲಿ 700 ರೂಪಾಯಿ ಕೊಟ್ಟು ಬ್ಲೂಟೂತ್ ಸ್ಕ್ಯಾನರ್ ತಂದೆ. ಮನೆಗೆ ಬಂದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರೆ ಅದಕ್ಕೆ ತಕ್ಕ ಸಾಕೆಟ್ಟೇ ಇಲ್ಲ! ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ, ಅಂದರೆ ಗಾಡಿಯ ಕಂಪ್ಯೂಟರೇ ದೋಷ ಹಿಡಿದು ಹೇಳುವ ವ್ಯವಸ್ಥೆ, ಕಡ್ಡಾಯವಾಗಿದ್ದು 2010ರಲ್ಲಿ, ಓಬಿಡಿ-2 ಬಂದದ್ದು 2013ರಲ್ಲಿ. ಕೊಳ್ಳುವ ಮೊದಲು ಇದನ್ನು ನೋಡಬೇಕಿತ್ತು ಅಲ್ವಾ? ಸ್ನೇಹಿತನ 2015ರ ಕಾರಿಗೆ ಹಾಕಿದರೆ ಚೆನ್ನಾಗಿಯೇ ನಡೆಯಿತು, ಫ್ಯೂಯಲ್ ಟ್ರಿಮ್ (ಪೆಟ್ರೋಲನ್ನು ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಎಲ್ಲಾ ತೋರಿಸಿತು. ಟ್ರಿಮ್ ತುಂಬಾ ಏರಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಸುಳಿವು ಸಿಗುತ್ತದೆ. ಆದರೆ ಎಲ್ಲೋ ಗಾಳಿ ಸೋರಿ ಒಳಗೆ ಬಂದರೂ ಅದೇ ನಂಬರ್ ಬರುತ್ತದೆ. ಅಷ್ಟೇ ಅಲ್ಲ, ಆ ಕಾಲದ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಪ್ರೆಷರ್ ಅಳೆಯುವ ಸೆನ್ಸರ್ ಇರುವುದಿಲ್ಲ. ಇಲ್ಲದ ಸೆನ್ಸರ್ ಬಗ್ಗೆ ಸ್ಕ್ಯಾನರ್ ಏನು ಹೇಳೀತು?

ಬಾಟಲಿ ಪರೀಕ್ಷೆ ನಮ್ಮ ಮೆಕ್ಯಾನಿಕ್‌ಗಳಿಗೆ ಬಲು ಇಷ್ಟ. ಪಂಪ್ ಹೋಗಿದೆ ಅಂದವರೇ ಮಾಡಿ ತೋರಿಸಿದರು. ಫಿಲ್ಟರ್ ದಾಟಿದ ಮೇಲಿನ ಪೈಪ್ ಬಿಚ್ಚಿ, ಬಾಟಲಿಗೆ ಇಳಿಬಿಟ್ಟು, ಬ್ಯಾಟರಿಯಿಂದ ನೇರವಾಗಿ ಎರಡು ವೈರ್ ಎಳೆದು ಪಂಪ್ ಓಡಿಸಿದರು. 30 ಸೆಕೆಂಡಿಗೆ ಅರ್ಧ ಲೀಟರ್ ಬಂದರೆ ಪರವಾಗಿಲ್ಲ ಅನ್ನುವುದು ಅವರ ಲೆಕ್ಕ. ಬಂದದ್ದು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ‘ಪಂಪ್ ಕಲ್ಲುಗುಂಡು ಇದ್ದ ಹಾಗಿದೆ’ ಅಂದರು. ಹಿಂದಿನ ವಾರದ 6,500ರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಾಟಲಿಯ ಇನ್ನೊಂದು ಲಾಭ, ಪೆಟ್ರೋಲ್ ಕಣ್ಣಿಗೆ ಕಾಣುತ್ತದೆ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಮನೆಯ ಹೊರಗೆ ಇಟ್ಟು ನೋಡಿದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ನನ್ನದರಲ್ಲಿ ಅಂಥ ಪದರ ಇರಲಿಲ್ಲ. ಹಾಗಂತ ಎಥೆನಾಲ್ ನಿರಪರಾಧಿ ಅಂತಲೂ ಅಲ್ಲ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. 2003ರ ರಬ್ಬರ್ ಪೈಪುಗಳು ಅದಕ್ಕಾಗಿ ಮಾಡಿದವಲ್ಲ. ಟ್ಯಾಂಕಿನ ಹತ್ತಿರದ ಒಂದು ತುಂಡು ಚೂಯಿಂಗ್ ಗಮ್‌ನಷ್ಟು ಮೆತ್ತಗಾಗಿತ್ತು, ಬದಲಾಯಿಸಿದೆ. ಆದರೆ ಕಾಯಿಲೆ ಅದಲ್ಲ, ಗಾಡಿ ಮತ್ತೆ ಮುಗ್ಗರಿಸಿತು.

ಆಗ ಜೆಸಿ ರೋಡಿಗೆ ಹೋಗಿ 1,800 ರೂಪಾಯಿಗೆ ಪ್ರೆಷರ್ ಗೇಜ್ ಸೆಟ್ ತಂದೆ. ಜೋಡಿಸುವ ಮೊದಲು ಲೈನಿನ ಪ್ರೆಷರ್ ಇಳಿಸಬೇಕು. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಸಾಯುವವರೆಗೆ ಓಡಿಸಿ, ಆಮೇಲೆ ಪೈಪಿಗೆ ಕೈ ಹಾಕಿ. ಇಲ್ಲದಿದ್ದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ತಣ್ಣಗಿರಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಮನೆ ಮುಂದೆ ಗೇಜ್ ಹೇಳಿದ್ದೆಲ್ಲ ಸರಿಯಾಗೇ ಇತ್ತು. ಇಂಥ ಎಂಜಿನ್‌ಗಳಿಗೆ ಎರಡೂವರೆಯಿಂದ ಮೂರು ಬಾರ್ (ಪ್ರೆಷರಿನ ಅಳತೆ) ಬೇಕು. ಬರೀ ಕೀ ಆನ್ ಮಾಡಿದಾಗ 2.8, ಐಡಲಿಂಗ್‌ನಲ್ಲಿ 2.3. ಐಡಲಿಂಗ್‌ನಲ್ಲಿ ಇಳಿಯುವುದು ರೋಗವಲ್ಲ, ಪ್ರೆಷರ್ ಹದದಲ್ಲಿಡುವ, ವ್ಯಾಕ್ಯೂಮ್ ಪೈಪ್ ಇರುವ ರೆಗ್ಯುಲೇಟರಿನ ಕೆಲಸವೇ ಅದು. ಎಂಜಿನ್ ಆಫ್ ಮಾಡಿದ ಮೇಲೂ ಮುಳ್ಳು ನಿಧಾನಕ್ಕೆ ಇಳಿಯಿತು, ಅಂದರೆ ಇಂಜೆಕ್ಟರ್ ಸೋರುತ್ತಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಗೇಜ್ ಕೂಡ ಸುಳ್ಳು ಹೇಳಿದ ಹಾಗೇ ಆಗುತ್ತಿತ್ತು. ನಿಂತ ಗಾಡಿ ಕುಡಿಯುವುದು ಚಮಚದಷ್ಟು. ಸೊರಗಿದ ಪಂಪು ಕೂಡ ಅಷ್ಟು ಕೊಡುತ್ತದೆ.

ಮರುದಿನ ಬೆಳಗ್ಗೆ ಉದ್ದ ಪೈಪಿನ ತುದಿಯಲ್ಲಿದ್ದ ಗೇಜನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಗಾಜಿನ ಮೇಲೆ ವೈಪರ್ ಕೆಳಗೆ ಟೇಪ್ ಹಾಕಿ ಕೂರಿಸಿದೆ. ಕಾರಿನ ಒಳಗೆ ಮಾತ್ರ ತರಬೇಡಿ, ಅದರಲ್ಲಿರುವುದು ಪೆಟ್ರೋಲ್. ಮುಳ್ಳು ನೋಡಲು ಪಕ್ಕದ ಸೀಟಿನಲ್ಲಿ ತಮ್ಮನನ್ನು ಕೂರಿಸಿಕೊಂಡೆ. ಎಂಜಿನ್ ಬಿಸಿಯಾಗಲಿ ಅಂತ ಅರ್ಧ ಗಂಟೆ ಸುತ್ತಿ, ಗೊರಗುಂಟೆಪಾಳ್ಯದಲ್ಲಿ ಪೀಣ್ಯ ಫ್ಲೈಓವರ್ ಹತ್ತುವಾಗ ಥರ್ಡ್ ಗೇರಿನಲ್ಲಿ ಪೂರ್ತಿ ಒತ್ತಿದೆ. ‘2.2... 1.8... ಅಣ್ಣಾ, 1.5!’ ಗಾಡಿ ಅಲ್ಲೇ ಮುಗ್ಗರಿಸಿತು. ನಾಲ್ಕು ವಾರದಲ್ಲಿ ಮೊದಲ ಸಲ ರೋಗ ಕಣ್ಣಿಗೆ ಬಿತ್ತು.

ಬಾಟಲಿ ಪ್ರಕಾರ ಪಂಪ್ ಗಟ್ಟಿ, ಫಿಲ್ಟರ್ ಹೊಸದು. ಗೇಜ್ ಪ್ರಕಾರ ಪೆಟ್ರೋಲ್ ಸಾಲುತ್ತಿಲ್ಲ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಬಾಟಲಿ ಪರೀಕ್ಷೆಯಲ್ಲಿ ಪಂಪಿಗೆ ಕರೆಂಟ್ ಬಂದದ್ದು ಬ್ಯಾಟರಿಯಿಂದ ಎಳೆದ ಹೊಸ ವೈರಿನಲ್ಲಿ. ಕಾರಿನ ಸ್ವಂತ ವೈರಿಂಗ್ ಪರೀಕ್ಷೆಗೆ ಕೂತೇ ಇರಲಿಲ್ಲ.

450 ರೂಪಾಯಿಯ ಮಲ್ಟಿಮೀಟರ್ ಮನೆಯಲ್ಲೇ ಇತ್ತು, ಇನ್ವರ್ಟರ್ ಬ್ಯಾಟರಿ ನೋಡಲು ತಂದದ್ದು. ಮೊದಲು ಒಂದು ತಪ್ಪು ಮಾಡಿದೆ. ಪಂಪಿನ ಕನೆಕ್ಟರ್ ಬಿಚ್ಚಿ ಅಳೆದೆ, 12.4 ವೋಲ್ಟ್ ಬಂತು. ಎಲ್ಲಾ ಸರಿ ಅಂದುಕೊಂಡು ಮತ್ತೆ ಮುಚ್ಚುವುದರಲ್ಲಿದ್ದೆ. ಪಂಪ್ ಕರೆಂಟ್ ಎಳೆಯದಿದ್ದಾಗ ಕೆಟ್ಟ ವೈರಿನಲ್ಲೂ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಕನೆಕ್ಟರ್ ಹಾಕಿಯೇ ಇಟ್ಟು, ಎಂಜಿನ್ ಓಡುತ್ತಿರುವಾಗ ಹಿಂಬದಿಯಿಂದ ಸೂಜಿ ತೂರಿಸಿ ನೋಡಬೇಕು. ಹಾಗೆ ನೋಡಿದಾಗ ಬ್ಯಾಟರಿಯಲ್ಲಿ 14, ಪಂಪಿನ ಬಳಿ 11.3. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಪಂಪಿನ ನೆಗೆಟಿವ್ ವೈರಿಗೆ. ಸೊನ್ನೆಯ ಆಸುಪಾಸು ಇರಬೇಕಾದ ಕಡೆ 2.1 ವೋಲ್ಟ್! ಅರ್ತಿಂಗ್ ಕೆಟ್ಟಿತ್ತು. ಕಾರಿನ ಲೋಹದ ಮೈಗೆ ಅರ್ತ್ ಕೊಟ್ಟ ಸ್ಕ್ರೂ ಹುಡುಕಿದರೆ ಹಸಿರು, ಕಂದು ತುಕ್ಕು ಕಟ್ಟಿ ಕೂತಿತ್ತು. ಯಾವುದೋ ಮಳೆಗಾಲದಲ್ಲಿ ನೀರು ನುಗ್ಗಿದ ನೆನಪು. ಪಂಪ್ ಅಂದರೆ ಒಂದು ಮೋಟರ್, ವೋಲ್ಟ್ ಇಳಿದರೆ ವೇಗ ಇಳಿಯುತ್ತದೆ, ಪೆಟ್ರೋಲ್ ಕಡಿಮೆಯಾಗುತ್ತದೆ. ತುಕ್ಕು ಹಿಡಿದ ಜಾಯಿಂಟ್ ಕಾದಷ್ಟೂ ಇನ್ನಷ್ಟು ಕೆಡುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಗಾಡಿ ಏನೂ ಆಗಿಲ್ಲ ಅನ್ನುವ ನಾಟಕ ಮಾಡುತ್ತಿದ್ದದ್ದು ಅದಕ್ಕೇ.

ಮರಳು ಕಾಗದ, ವೈರಿನ ತುದಿಗೆ ಹೊಸ ಲಗ್ಗು, ಸ್ವಲ್ಪ ಗ್ರೀಸ್. 40 ರೂಪಾಯಿ ಆಗಿರಬಹುದು. ಅದೇ ಫ್ಲೈಓವರ್, ಅದೇ ಗೇರು, ತಮ್ಮ ‘2.8’ ಅಂತಲೇ ಕೂತಿದ್ದ, ಕೊನೆಗೆ ಬೇಜಾರಾಗಿ ಫೋನ್ ನೋಡತೊಡಗಿದ.

ಇಂಜೆಕ್ಷನ್ ಕಾರಿಗೆ ನಾನು ಈಗ ಇಡುವ ಸಾಲು: ಕಿವಿ, ಮೀಟರ್, ಓಡುವಾಗಿನ ಗೇಜ್, ಕೊನೆಗೆ ಬಾಟಲಿ. ಬಾಟಲಿಯನ್ನೂ ಕಾರಿನ ಸ್ವಂತ ವೈರಿಂಗ್‌ನಲ್ಲೇ ಮಾಡಿಸಿ. ಗೇಜ್ ಕೊಳ್ಳಲೇಬೇಕೆಂದಿಲ್ಲ, ಒಂದು ದಿನಕ್ಕೆ ಯಾರಾದರೂ ಕೊಟ್ಟರೆ ಸಾಕು. ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇರುವ ಹಳೇ ಗಾಡಿಯವರು ಮಾತ್ರ ಈ ಸಾಲನ್ನು ತಿರುಗಿಸಿಕೊಳ್ಳಿ. ಅವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಮೇಲೇ ಮೆಕ್ಯಾನಿಕಲ್ ಪಂಪ್, ಪ್ರೆಷರ್ ಕಾಲು ಬಾರ್ ಆಸುಪಾಸು. ಮಾವನ ಹಳೇ ಕಾರಿಗೆ ನನ್ನ ಗೇಜ್ ಹಾಕಿದಾಗ ಮುಳ್ಳು ಜಾಗ ಬಿಟ್ಟು ಕದಲಿತೋ ಇಲ್ಲವೋ ಅನ್ನುವುದೇ ಜಗಳವಾಯಿತು. ಅಲ್ಲಿ ಬಾಟಲಿಯದೇ ರಾಜ್ಯ.